ಕಣ್ಣಿಗೆ ಕಾಣದ ಸೆಳವು

ಎಳೆಗೂಸಿನ ಸೆಳವನ್ನು ಕನ್ನಡ ಜನಪದರು ‘ಬಾಲಗ್ರಹ’ವೆಂದು ಕರೆದರು, ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಇಂಥ ಒಂಬತ್ತು ಗ್ರಹಗಳ ಲಕ್ಷಣಗಳಿವೆ. ಈ ಪರಂಪರೆಯಲ್ಲಿ ನಿರ್ಣಯಕ್ಕೆ ಕಣ್ಣೇ ಮುಖ್ಯ ಪ್ರಮಾಣ: ಕೈಕಾಲಿನ ಅದುರು, ಮೇಲೆ ಸಿಕ್ಕ ಕಣ್ಣಾಲಿ, ಬಿಗಿದ ಮುಷ್ಟಿ. ಹೆರಿಗೆಯ ವೇಳೆ ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಪೆಟ್ಟಾದ ಶಿಶುವಿನಲ್ಲಿ ಈ ಪ್ರಮಾಣ ಸೋಲುತ್ತದೆ. ಅಂಥ ಶಿಶುಗಳ ಬಹುಪಾಲು ಸೆಳವುಗಳಿಗೆ ಹೊರಚಿಹ್ನೆಯೇ ಇರುವುದಿಲ್ಲ. ಅದುರಿದುದೆಲ್ಲ ಸೆಳವೂ ಅಲ್ಲ. ಫಿನೊಬಾರ್ಬಿಟೋನ್ ಕೊಟ್ಟ ಮೇಲೆ ಮೈಯ ಚಲನೆ ನಿಂತರೂ ಮಿದುಳಿನೊಳಗೆ ವಿದ್ಯುತ್ ಸೆಳವು ಮುಂದುವರಿಯಬಹುದು. ಮನೆಯವರು ನೆಮ್ಮದಿ ತಾಳುವುದು ಆಗಲೇ ಎಂಬುದು ಗಮನಾರ್ಹ.

ಆದುದರಿಂದಲೇ ಅಂತಾರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟದ 2021ರ ವರ್ಗೀಕರಣವು ನವಜಾತರ ಸೆಳವಿನ ನಿರ್ಣಯಕ್ಕೆ ಇಇಜಿಯನ್ನು ಆಧಾರವಾಗಿಸಿತು. ಪೂರ್ಣ ಇಇಜಿಗೆ ನೆತ್ತಿಯ ಮೇಲೆ ಹಲವು ವಿದ್ಯುದ್ವಾರಗಳೂ ಅದನ್ನು ಓದಬಲ್ಲ ತಜ್ಞರೂ ಬೇಕು. 1960ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮೇನಾರ್ಡ್ ಮತ್ತು ಪ್ರಯರ್ ರೂಪಿಸಿದ ಯಂತ್ರದಿಂದ ಬೆಳೆದ ಸರಳ ಕ್ರಮಕ್ಕೆ ಕೆಲವೇ ವಿದ್ಯುದ್ವಾರಗಳು ಸಾಕು. ಗಂಟೆಗಳ ಚಟುವಟಿಕೆ ಕಿರುಪಟ್ಟಿಯಾಗಿ ಮೂಡುವುದರಿಂದ ತರಬೇತಾದ ದಾದಿಯೂ ಗಮನಿಸಬಲ್ಲಳು. ಆದರೆ ಕ್ಷಣಿಕವಾದ, ವಿದ್ಯುದ್ವಾರದಿಂದ ದೂರದಲ್ಲಿ ಹುಟ್ಟಿದ ಸೆಳವು ಅದರಲ್ಲಿ ತಪ್ಪಿಹೋಗುತ್ತದೆ. ಶಿಶುವಿನ ಮೈಯನ್ನು 72 ಗಂಟೆ ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸುವ ಚಿಕಿತ್ಸೆಯಲ್ಲಿ, ಮರಳಿ ಬೆಚ್ಚಗಾಗಿಸುವಾಗಲೂ ಸೆಳವು ಮರುಕಳಿಸುವುದುಂಟು. ನಿಗಾ ಅಲ್ಲಿಯವರೆಗೂ ಬೇಕು.