ಜಮಖಂಡಿಯ ಮೂರು ಗೆರೆ, ಸೂರ್ಯನ ಚಿಕ್ಕ ಸ್ಫೋಟ

ಆಗಸ್ಟ್‌ನಲ್ಲಿ ಖಾನಾಪುರದ ಕಡೆ ಸೂರ್ಯನ ಮುಖ ಕಾಣಲು ಪುಣ್ಯ ಬೇಕು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ತುಂಬಿಸುವ ಮಳೆ ಬೆಳಗಾವಿ ಪೇಟೆಗೂ ದಿನಗಟ್ಟಲೆ ಜಿಟಿಜಿಟಿ ಹಿಡಿಸುತ್ತದೆ. ಅಂಥ ದಿನಗಳಲ್ಲೇ, 1868ರ ಆಗಸ್ಟ್ 18ರಂದು, ಪೂರ್ಣ ಸೂರ್ಯಗ್ರಹಣದ ನೆರಳು ಕೊಂಕಣದಿಂದ ಘಟ್ಟ ಹತ್ತಿ ಈ ಸೀಮೆ ದಾಟಿ ಮಚಲಿಪಟ್ಟಣದತ್ತ ಸಾಗಿತು.

ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ಉಪಕರಣಗಳೊಂದಿಗೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೀಡುಬಿಟ್ಟದ್ದು ಬೆಳಗಾವಿಗೂ ಪೂರ್ವದ ಬಯಲುಸೀಮೆಯಲ್ಲಿ, ಪಟವರ್ಧನರ ಸಂಸ್ಥಾನ ಜಮಖಂಡಿಯಲ್ಲಿ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಈತನ ಅಜ್ಜ. ಮೋಡ ಅಲ್ಲಿಯೂ ಬಿಡಲಿಲ್ಲ. ಐದಾರು ನಿಮಿಷದ ಕತ್ತಲಲ್ಲಿ ಮೋಡ ಸರಿದಷ್ಟು ಹೊತ್ತು, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಲ್ಲಿ ಮೂರು ಗೆರೆ ಕಂಡವು: ಕೆಂಪು, ಕಿತ್ತಳೆ, ನೀಲಿ. ಸೂರ್ಯನ ಅಂಚಿನ ಚಾಚು ಕಾದ ಅನಿಲವೆಂಬುದಕ್ಕೆ ಅಷ್ಟು ಸಾಕಾಯಿತು. ಕಿತ್ತಳೆ ಗೆರೆ ಸೋಡಿಯಂನದೆಂದು ಆಗ ಹಲವರು ಬಗೆದರು. ಅದು ಹೀಲಿಯಂನದು, ಭೂಮಿಯ ಮೇಲೆ ಆ ಅನಿಲ ಸಿಕ್ಕಿದ್ದು 1895ರಲ್ಲಿ.

ಗೆರೆಯ ಜಾಗ ವಸ್ತು ಯಾವುದೆಂದು ಹೇಳುತ್ತದೆ. ಜಾಗದಿಂದ ಅದು ಸರಿದ ಅಳತೆ ವೇಗವನ್ನು ಹೇಳುತ್ತದೆ. ಇಂದಿನ ಸೌರವಿಜ್ಞಾನಿಗಳು ಹೆಚ್ಚು ನೆಚ್ಚುವುದು ಈ ಎರಡನೆಯದನ್ನು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ, ಹೊರಗಿನ ಹೊದಿಕೆಯಾದ ಕರೋನಾ ಹತ್ತು ಲಕ್ಷಕ್ಕೂ ಹೆಚ್ಚು. ನಡುವಿನ ತೆಳುಪದರದಲ್ಲಿ, ಲಕ್ಷ ಡಿಗ್ರಿಯ ಆಸುಪಾಸಿನಲ್ಲಿ, ಮೂರು ಎಲೆಕ್ಟ್ರಾನ್ ಕಳೆದುಕೊಂಡ ಸಿಲಿಕಾನ್ ಸುಮಾರು 140 ನ್ಯಾನೋಮೀಟರಿನ ಅತಿನೇರಳೆಯಲ್ಲಿ ಬೆಳಗುತ್ತದೆ. ಆ ಬೆಳಕನ್ನು ನಮ್ಮ ಗಾಳಿಯ ಆಮ್ಲಜನಕವೇ ನುಂಗಿಬಿಡುವುದರಿಂದ ಜಮಖಂಡಿಯ ನಿರಭ್ರ ಬೇಸಿಗೆಯೂ ಇಲ್ಲಿ ನಿರುಪಯೋಗಿ. ಮೇಲಕ್ಕೇ ಹೋಗಬೇಕು.

ಹೋದವರಿಗೆ ಕಂಡದ್ದೇನು? 1970ರ ದಶಕದಿಂದ ರಾಕೆಟ್ ಮೇಲಿನ ಉಪಕರಣಗಳಲ್ಲಿ, ಆಮೇಲೆ ಸೋಹೊ ನೌಕೆಯಲ್ಲಿ, 2013ರಿಂದ ನಾಸಾದ ಉಪಗ್ರಹ ಐರಿಸ್‌ನಲ್ಲಿ ಗೆರೆಗಳು ಒಮ್ಮೆಲೇ ಎರಡೂ ಕಡೆ ಹಿಗ್ಗಿದವು. ಒಂದಷ್ಟು ಅನಿಲ ನಮ್ಮತ್ತ, ಒಂದಷ್ಟು ಆಚೆಗೆ, ಸೆಕೆಂಡಿಗೆ ಸುಮಾರು 100 ಕಿ.ಮೀ. ವೇಗದಲ್ಲಿ ಚಿಮ್ಮುತ್ತಿತ್ತು. ಆ ವೇಗಕ್ಕೆ ಖಾನಾಪುರದಿಂದ ಬೆಳಗಾವಿ ಕಾಲು ಸೆಕೆಂಡಿನ ದಾರಿ! ಇಂಥ ಒಂದೊಂದು ಸ್ಫೋಟಕ್ಕೆ ಸಾವಿರದೈನೂರು ಕಿ.ಮೀ. ಹರವು, ಒಂದೆರಡು ನಿಮಿಷದ ಆಯುಷ್ಯ. ಸೂರ್ಯನ ಲೆಕ್ಕದಲ್ಲಿ ಇದು 'ಚಿಕ್ಕದು'. ಎದುರುಬದುರಾದ ಕಾಂತರೇಖೆಗಳು ಕಡಿದು ಮರುಜೋಡಣೆಯಾಗುವಾಗ ಅನಿಲ ಇಬ್ಬದಿಗೆ ಎರಚಲ್ಪಡುತ್ತದೆ ಎಂಬ ವಿವರಣೆಯನ್ನು ಸೋಹೊ ದತ್ತಾಂಶ 1997ರಲ್ಲಿ ಗಟ್ಟಿಗೊಳಿಸಿತು.

ಕರೋನಾ ಈ ಸ್ಫೋಟಗಳಿಂದಲೇ ಕಾಯುತ್ತದೆಯೇ? ನನಗಂತೂ ಅನುಮಾನ. ಬಹುಪಾಲು ಸ್ಫೋಟಗಳು ಲಕ್ಷ ಡಿಗ್ರಿಯ ಪದರದಲ್ಲೇ ತಣ್ಣಗಾಗುತ್ತವೆ. ಇಸ್ರೋದ ಸೌರನೌಕೆ ಆದಿತ್ಯ-ಎಲ್1ರಲ್ಲಿ ಪುಣೆಯಲ್ಲಿ ತಯಾರಾದ ಸೂಟ್ ದೂರದರ್ಶಕ ಅತಿನೇರಳೆಯಲ್ಲಿ ಚಿತ್ರ ತೆಗೆಯುತ್ತದೆ, ಗೆರೆ ಬಿಡಿಸುವುದಿಲ್ಲ. ಅದೇ ನೌಕೆಯಲ್ಲಿರುವ ಬೆಂಗಳೂರಿನ ಉಪಕರಣ ವೆಲ್ಕ್ ಗೆರೆ ಬಿಡಿಸುತ್ತದೆ, ಅತಿನೇರಳೆಯಲ್ಲಲ್ಲ. ಎರಡನ್ನೂ ಮಾಡುವ ನಮ್ಮದೇ ಉಪಕರಣವೊಂದು ಇನ್ನು ಮೇಲೇರಬೇಕಷ್ಟೆ.