ಸೈಕಲ್ಲಿಗೆ ಎಂಜಿನ್ ಕೂಡಿಸುವ ಮುನ್ನ

ಒಂದು ಶನಿವಾರ ಅಲ್ ಕೂಜ್ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿಗೆ ಸ್ನೇಹಿತರ ಮಗನೊಬ್ಬ ರಟ್ಟಿನ ಡಬ್ಬ ಹೊತ್ತುಕೊಂಡು ಬಂದ. ವಯಸ್ಸು ಹದಿನೇಳು. ಡಬ್ಬದಲ್ಲಿ ಆನ್‌ಲೈನಿನಲ್ಲಿ ತರಿಸಿದ ಟೂ-ಸ್ಟ್ರೋಕ್ ಎಂಜಿನ್ ಕಿಟ್. ಮೇಲೆ ದಪ್ಪಕ್ಷರದಲ್ಲಿ ‘80 ಸಿಸಿ’. “ಅಂಕಲ್, ಇದನ್ನ ನನ್ನ ಸೈಕಲ್ಲಿಗೆ ಕೂರಿಸಿ ಕೊಡ್ತೀರಾ?” ಅಂದ. ಆರು ತಿಂಗಳ ಪಾಕೆಟ್ ಮನಿ ಅದರಲ್ಲಿತ್ತು. ಹಾಗಾಗಿ ಬೈಯಲು ಮನಸ್ಸಾಗಲಿಲ್ಲ. ಕ್ಯಾಲಿಪರ್ ಕೊಟ್ಟು “ಮೊದಲು ಅಳೆ” ಅಂದೆ.

ಸಿಲಿಂಡರಿನ ಒಳವ್ಯಾಸ 47 ಮಿ.ಮೀ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 40 ಮಿ.ಮೀ. ಗುಣಿಸಿ ನೋಡಿದರೆ ಸುಮಾರು 69 ಸಿಸಿ. 80 ಎನ್ನುವುದು ಡಬ್ಬದ ಮೇಲಷ್ಟೇ. ಅವನ ಮುಖ ಸಣ್ಣದಾಯಿತು. ಆದರೆ 69 ಕೂಡ ಬೇಕಿರಲಿಲ್ಲ ಎನ್ನುವುದು ನಿಜವಾದ ವಿಷಯ.

ಸವಾರ, ಸೈಕಲ್ ಸೇರಿ 100 ಕಿಲೋ ತೂಕ ಅಂತ ಇಟ್ಟುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗಲು ಚಕ್ರಕ್ಕೆ ಸುಮಾರು 300 ವ್ಯಾಟ್ ಸಾಕು. 40ಕ್ಕೆ ಸುಮಾರು 600 ವ್ಯಾಟ್, 50ಕ್ಕೆ 1,100. ವೇಗ ಸ್ವಲ್ಪ ಏರಿದರೆ ಶಕ್ತಿ ಇಷ್ಟೊಂದು ಏರುವುದು ಗಾಳಿಯ ತಡೆಯಿಂದ. ಇನ್ನು ಹೋಂಡಾದ ಪುಟ್ಟ 49 ಸಿಸಿ ಫೋರ್-ಸ್ಟ್ರೋಕ್ ಎಂಜಿನ್ ಜಿಎಕ್ಸ್‌ಎಚ್ 50ರ ಶಕ್ತಿ ಸುಮಾರು 1,600 ವ್ಯಾಟ್. ಅಂದರೆ ಅತಿ ಸಣ್ಣದು ಅನ್ನಿಸುವ ಎಂಜಿನ್ನೇ ಸೈಕಲ್ಲಿಗೆ ಧಾರಾಳ. ಸೈಕಲ್ಲಿನ ಫ್ರೇಮ್, ಬ್ರೇಕು, ಕಡ್ಡಿಗಳನ್ನು ಮಾಡಿದ್ದು ಕಾಲಿನಿಂದ ತುಳಿಯುವ ವೇಗಕ್ಕೆ.

ಶಕ್ತಿ ಇದ್ದರೂ ಅದು ಚಕ್ರಕ್ಕೆ ಹೇಗೆ ತಲುಪುತ್ತದೆ ಎನ್ನುವುದರಲ್ಲಿ ಆಯ್ಕೆ ಇದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ಚೂರು ಹೆಚ್ಚು ಹೋಗುತ್ತದೆ. 30 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 240 ಸುತ್ತು. ಎಂಜಿನ್ನಿಗೆ ಹಿತವಾದ ಓಟ ನಿಮಿಷಕ್ಕೆ 5,000 ಸುತ್ತು ಎಂದಾದರೆ, ನಡುವೆ ಇಪ್ಪತ್ತು ಪಟ್ಟು ಇಳಿಸಬೇಕು. ಇವನ ಕಿಟ್ಟಿನಲ್ಲಿ ಎಂಜಿನ್ನಿನ ಒಳಗೆ ನಾಲ್ಕು ಪಟ್ಟು, ಹಿಂದೆ 44 ಹಲ್ಲಿನ ಸ್ಪ್ರಾಕೆಟ್ಟಿನಿಂದ ಮತ್ತೆ ನಾಲ್ಕೂವರೆ ಪಟ್ಟು, ಒಟ್ಟು ಸುಮಾರು 18. ಸಮತಟ್ಟಿನಲ್ಲಿ ಪರವಾಗಿಲ್ಲ. ಆದರೆ ಆ ಸ್ಪ್ರಾಕೆಟ್ಟನ್ನು ಹಿಡಿದಿರುವುದು ರಬ್ಬರ್ ತುಂಡುಗಳ ನಡುವೆ ಸಿಕ್ಕಿಸಿದ ಚಕ್ರದ ಕಡ್ಡಿಗಳು! ಎಂಜಿನ್ನಿನ ಎಳೆತವೆಲ್ಲ ಕಡ್ಡಿಗಳ ಮೇಲೆ. ಒಂದು ಸಡಿಲವಾದರೆ ಸ್ಪ್ರಾಕೆಟ್ ಓರೆಯಾಗಿ ಚೈನು ಕಳಚುತ್ತದೆ, ಚಕ್ರ ಹಠಾತ್ತನೆ ನಿಲ್ಲಬಹುದು. ನನಗೆ ಹೆದರಿಕೆ ಹುಟ್ಟಿಸುವ ಭಾಗ ಇದೇ. ಎಂಜಿನ್ ಯಾವುದಾದರೂ ಆಗಲಿ, ಸ್ಪ್ರಾಕೆಟ್ ಹಬ್ಬಿಗೆ ಬಿಗಿಯುವಂತಿರಬೇಕು, ಮುಂದೆ ಡಿಸ್ಕ್ ಬ್ರೇಕ್ ಇರಬೇಕು.

ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ? ಟೂ-ಸ್ಟ್ರೋಕ್ ಕಿರಿದು, ಹಗುರ, ತ್ರಿಕೋನ ಫ್ರೇಮಿನೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. 32ಕ್ಕೆ 1 ಎಂದರೆ ಲೀಟರಿಗೆ ಸುಮಾರು 31 ಮಿ.ಲೀ. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಫೋರ್-ಸ್ಟ್ರೋಕಿಗೆ ಎಣ್ಣೆ ಬೇರೆಯೇ ಇರುತ್ತದೆ, ಹೊಗೆ ಕಡಿಮೆ, ಬಾಳಿಕೆ ಹೆಚ್ಚು. ತೊಂದರೆ ಅಗಲದ್ದು. ಪೆಡಲಿನ ಕ್ರ್ಯಾಂಕ್ ಎಂಜಿನ್ನಿಗೆ ತಾಗದಂತೆ ಅಗಲದ್ದು ಹಾಕಬೇಕು. ಎರಡಕ್ಕೂ ತಂಪು ಕೊಡುವುದು ಎದುರಿನ ಗಾಳಿಯೇ. ದುಬೈ ಬೇಸಿಗೆಯಲ್ಲಿ ಆ ಗಾಳಿಯೇ 45 ಡಿಗ್ರಿ.

ಇಷ್ಟು ಕೇಳಿ ಹುಡುಗ, “ಹಾಗಾದ್ರೆ ಸಣ್ಣ ಫೋರ್-ಸ್ಟ್ರೋಕ್ ತಗೊಳ್ಳಲಾ?” ಅಂದ. ಇಲ್ಲಿ ಬೇಡ ಅಂದೆ. ಪೆಟ್ರೋಲ್ ಎಂಜಿನ್ ಕೂಡಿಸಿದರೆ ಅದು ಮೋಟಾರು ವಾಹನ. ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಕೇಳುತ್ತಾರೆ. ಮನೆಯಲ್ಲಿ ಜೋಡಿಸಿದ್ದಕ್ಕೆ ಅವು ಸಿಗುವುದು ದೂರದ ಮಾತು. ದುಬೈಯ 2022ರ ಸೈಕಲ್ ನಿಯಮದಂತೆ ಇ-ಬೈಕಿಗೆ 16 ವರ್ಷ ಆಗಿರಬೇಕು, ಹೆಲ್ಮೆಟ್, ಹೊಳೆಯುವ ಜಾಕೆಟ್ ಬೇಕು, ವೇಗಮಿತಿ 60 ಮೀರಿದ ರಸ್ತೆಗೆ ಸೈಕಲ್ ಇಳಿಯಬಾರದು. ಅಲ್ ಕೂಜ್‌ನ ಒಂದು ಮಗ್ಗುಲಲ್ಲಿ ಶೇಖ್ ಜಾಯೆದ್ ರಸ್ತೆ, ಇನ್ನೊಂದು ಮಗ್ಗುಲಲ್ಲಿ ಅಲ್ ಖೈಲ್ ರಸ್ತೆ. ಒಳಗಿನ ಬೀದಿಗಳಲ್ಲಿ ಲಾರಿ, ಪಿಕಪ್. ಇಂಥ ಕಡೆ 25 ಕಿ.ಮೀ. ವೇಗವೇ ಸಾಕು.

ಅವನ ಅಜ್ಜಿಯ ಮನೆ ಕಾರ್ಕಳದ ಹತ್ತಿರ. ರಜೆಗೆ ಹೋದಾಗ ಊರಲ್ಲಿ ಓಡಿಸುವ ಆಸೆಯೂ ಇತ್ತು. ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿ, ಅವರಿಗೆ ಪೆಡಲ್ ಇದ್ದ ಲೂನಾ ನೆನಪಿರುತ್ತದೆ. ಕೈನೆಟಿಕ್‌ನವರು ಅದನ್ನು 1972ರಲ್ಲಿ ತಂದರು, 50 ಸಿಸಿ. ಬೆಂಗಳೂರಿನಿಂದ ಗಡಿ ದಾಟಿದರೆ ಸಿಗುವ, ಕನ್ನಡ ಮಾತಾಡುವವರು ಬಹಳ ಇರುವ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಹುಟ್ಟಿತು, ಅದೂ 50ರ ಒಳಗೆ. ಅಷ್ಟರಲ್ಲೇ ಇಬ್ಬರು ಕೂತು ಹೋಗುತ್ತಿದ್ದರು. ಭಾರತದ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಈ ಸಂಖ್ಯೆಗಳಿವೆ. ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಯಲ್ಲಿ ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. 50 ಸಿಸಿವರೆಗಿನ ಮೋಟಾರ್ ಸೈಕಲ್ಲಿಗೆ 16ಕ್ಕೇ ಲೈಸೆನ್ಸ್ ಪಡೆಯಬಹುದು. ಅದಕ್ಕಿಂತ ದೊಡ್ಡದಕ್ಕೆ 18. ಅಂದರೆ ಈ 69 ಸಿಸಿ ಕಿಟ್ ಊರಲ್ಲೂ ಅವನ ಕೈಗೆಟಕುವುದಿಲ್ಲ. ಕಾರ್ಕಳದ ಏರಿನಲ್ಲಿ ನೂರಕ್ಕೆ 5 ಮೀಟರ್ ಹತ್ತುವಾಗ 30ರ ವೇಗಕ್ಕೆ ಇನ್ನೂ 400 ವ್ಯಾಟ್ ಬೇಕು ಎನ್ನುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. 25 ಸಿಸಿ ಎಂಜಿನ್ನಾದರೆ ಅಲ್ಲಿ ವೇಗದ ಆಸೆ ಬಿಟ್ಟು ಜೊತೆಗೆ ಪೆಡಲ್ ತುಳಿಯಬೇಕು.

ದುಬೈಗೆ ಅವನು ಕೊನೆಗೆ ಆರಿಸಿದ್ದು 250 ವ್ಯಾಟಿನ ಹಿಂಬದಿ ಹಬ್ ಮೋಟಾರು. ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್, ಅಂದರೆ 360 ವ್ಯಾಟ್-ಅವರ್. ಆತುರಪಡದೆ ಹೋದರೆ 30 ಕಿ.ಮೀ. ಸಿಗುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಹಾಗಾಗಿ ಬಾಲ್ಕನಿ ಬಿಟ್ಟು ಎಸಿ ಹಾಲಿನಲ್ಲಿ, ಎಚ್ಚರ ಇರುವಾಗ ಮಾತ್ರ ಚಾರ್ಜ್ ಮಾಡು ಅಂದಿದ್ದೇನೆ. ಅವರಮ್ಮ ಅದಕ್ಕೆ ನನ್ನ ಮೇಲೆ ಸ್ವಲ್ಪ ಸಿಟ್ಟಾಗಿದ್ದಾರೆ.

ಡಬ್ಬದ ಎಂಜಿನ್ ನಮ್ಮ ವರ್ಕ್‌ಶಾಪಿನ ಮೇಜಿನ ಮೇಲಿದೆ. ಶನಿವಾರ ಬಂದು ಬಿಚ್ಚಿ ಜೋಡಿಸುತ್ತಾನೆ. ಹೋದ ವಾರ ಕಾರ್ಬುರೇಟರ್ ಆಯಿತು, ಈ ವಾರ ಕ್ಲಚ್.