ಲೆನ್ಸ್ ಕೆಟ್ಟಿದೆಯಾ? ಮೊದಲು ಐವತ್ತರ ನೋಟು ತೆಗೀರಿ

ದರೋಜಿ ಕರಡಿಧಾಮದ ವೀಕ್ಷಣಾ ಗೋಪುರ. ಮಧ್ಯಾಹ್ನ ಮೂರೂವರೆ. ಎದುರಿನ ಬಂಡೆ ಮೇಲೆ ತಾಯಿ ಕರಡಿ, ಅದರ ಬೆನ್ನ ಮೇಲೆ ಮರಿ. ನಾನು ಬಟನ್ ಒತ್ತಿದರೆ ಲೆನ್ಸ್ ‘ಝರ್ ಝರ್’ ಅಂತ ಹಿಂದೆ ಮುಂದೆ ಓಡಾಡುತ್ತಿದೆಯೇ ಹೊರತು ನಿಲ್ಲುತ್ತಿಲ್ಲ. ಕೊನೆಗೂ ನಿಂತಾಗ ಸಿಕ್ಕ ಫೋಟೊದಲ್ಲಿ ಕರಡಿ ಮಸುಕು, ಅದರ ಮುಂದಿನ ಹುಲ್ಲು ಮಾತ್ರ ಸ್ಪಷ್ಟ.

ಆ 70–300 ಎಂ.ಎಂ. ಲೆನ್ಸನ್ನು ವಾರದ ಹಿಂದಷ್ಟೇ ಹೊಸಪೇಟೆಯ ಮದುವೆ ಫೋಟೊಗ್ರಾಫರ್ ಒಬ್ಬರ ಹತ್ತಿರ 12 ಸಾವಿರಕ್ಕೆ ತಗೊಂಡಿದ್ದೆ. ಅವರು ಮಿರರ್‌ಲೆಸ್ ಕ್ಯಾಮೆರಾ ಕೊಂಡು ಹಳೇ ಸಾಮಾನು ಮಾರುತ್ತಿದ್ದರು. ನಮ್ಮಕ್ಕನ ಮದುವೆ ಆಲ್ಬಂ ಮಾಡಿದವರೂ ಅವರೇ. ಗೋಪುರದ ಮೆಟ್ಟಿಲ ಮೇಲೆ ಕೂತೇ ವಾಟ್ಸ್‌ಆ್ಯಪ್ ಮಾಡಿದೆ: ‘ಅಣ್ಣಾ, ಕೆಟ್ಟಿರೋದು ಅಂತ ಗೊತ್ತಿದ್ದೂ ಕೊಟ್ರಾ?’ ಎರಡು ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ಯಾರಾದರೂ ‘ನಿಮ್ಮ ಕೋಡ್ ಕೆಟ್ಟಿದೆ’ ಅಂದರೆ ಮೊದಲು ಕೇಳೋದೇ ‘ಲಾಗ್ ಎಲ್ಲಿ?’ ಅಂತ. ಅವತ್ತು ಲಾಗ್ ನೋಡದೇ ತೀರ್ಪು ಕೊಟ್ಟವನು ನಾನೇ. ರಾತ್ರಿ ಊಟ ಆದ ಮೇಲೆ ಸ್ವಲ್ಪ ಬುದ್ಧಿ ಬಂತು. ಸರಿಯಾಗಿ ಪರೀಕ್ಷೆ ಮಾಡೋಣ ಅಂತ ಕೂತೆ. ಹಳೇ ಲೆನ್ಸ್ ಕೊಳ್ಳುವ ಯೋಚನೆ ನಿಮಗೂ ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ಸುಲಭದ್ದು ಮೊದಲು

ಲೆನ್ಸ್ ಮೇಲಿನ ಸ್ವಿಚ್ ‘ಎಎಫ್’ನಲ್ಲಿದೆಯಾ? ಮುಂದೆ ಅಗ್ಗದ ಫಿಲ್ಟರ್ ಇದ್ದರೆ ಬಿಚ್ಚಿ. ವಸ್ತು ತೀರಾ ಹತ್ತಿರ ಇದ್ದರೆ ಯಾವ ಲೆನ್ಸೂ ಫೋಕಸ್ ಆಗಲ್ಲ.

ಆಮೇಲೆ ಲೆನ್ಸ್ ಹಿಂಭಾಗದ ಪುಟ್ಟ ಲೋಹದ ಬಿಂದುಗಳು. ಕ್ಯಾಮೆರಾ ಮತ್ತು ಲೆನ್ಸ್ ಮಾತಾಡೋದು ಇವುಗಳ ಮೂಲಕ. ನಮ್ಮ ಕಡೆ, ಅದರಲ್ಲೂ ಸಂಡೂರು ರಸ್ತೆಯಲ್ಲಿ ಓಡಾಡುವವರಿಗೆ, ಅದಿರಿನ ಕೆಂಪು ಧೂಳು ಹೊಸದಲ್ಲ. ಕ್ಯಾಮೆರಾ ಆಫ್ ಮಾಡಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ರಬ್ಬರ್, ಮರಳು ಕಾಗದ ಬೇಡವೇ ಬೇಡ.

ಲೆನ್ಸಿಗೂ ಕ್ಯಾಮೆರಾಗೂ ಜೋಡಿ ಹೊಂದುತ್ತದಾ ಅಂತಲೂ ನೋಡಿ. ನಿಕಾನ್ ಡಿ3500, ಡಿ5600ರಂಥ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹಳೇ ‘ಎಎಫ್-ಡಿ’ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು. ಹೊಸ ‘ಎಎಫ್-ಪಿ’ ಲೆನ್ಸ್ ಹಳೇ ಡಿ90ಯಲ್ಲಿ ಫೋಕಸ್ ಆಗಲ್ಲ. ಇಲ್ಲಿ ಯಾವುದೂ ಕೆಟ್ಟಿಲ್ಲ, ಜೋಡಿ ಹೊಂದಿಲ್ಲ ಅಷ್ಟೇ.

ನನ್ನದರಲ್ಲಿ ಇದೆಲ್ಲ ಸರಿ ಇತ್ತು. ಆದರೂ ಸಮಸ್ಯೆ ಹೋಗಲಿಲ್ಲ.

ನೋಟಿನ ಪರೀಕ್ಷೆ

2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ ಇದೆಯಲ್ಲ, ಅದರ ಗೆರೆಗಳು ಬಹಳ ಸಣ್ಣವು. ಅದನ್ನು ಚಪ್ಪಟೆಯಾಗಿ ಗೋಡೆಗೆ ಅಂಟಿಸಿದೆ. ಪಕ್ಕದಲ್ಲೊಂದು ಸ್ಕೂಲ್ ಸ್ಕೇಲನ್ನು ಓರೆಯಾಗಿ ನಿಲ್ಲಿಸಿದೆ, ಅದರ ಮಧ್ಯಭಾಗ ನೋಟಿನ ಸಮಕ್ಕೆ ಬರುವ ಹಾಗೆ. ಮೂರು ಮೀಟರ್ ದೂರದಲ್ಲಿ ಟ್ರೈಪಾಡ್, ನಡುವಿನ ಒಂದೇ ಫೋಕಸ್ ಪಾಯಿಂಟ್, ಎರಡು ಸೆಕೆಂಡ್ ಟೈಮರ್. ಸ್ಟೆಬಿಲೈಸರ್ ಆಫ್. ಬೆಳಕು ಚೆನ್ನಾಗಿರಲಿ.

ವ್ಯೂಫೈಂಡರಿನಲ್ಲಿ ನೋಡಿಕೊಂಡು ಹತ್ತು ಫೋಟೊ, ಲೈವ್ ವ್ಯೂ ಪರದೆಯಲ್ಲಿ ಹತ್ತು. ಪ್ರತಿ ಫೋಟೊಗೆ ಮುಂಚೆ ಕಿಟಕಿಯಾಚೆ ದೂರದ ವಸ್ತುವಿಗೆ ಫೋಕಸ್ ಮಾಡಿ, ಮತ್ತೆ ನೋಟಿಗೆ ಬರಬೇಕು. ಕೊನೆಗೆ ಪರದೆಯನ್ನು ಝೂಮ್ ಮಾಡಿ, ಕೈಯಲ್ಲೇ ಫೋಕಸ್ ಮಾಡಿ ಒಂದೆರಡು ಫೋಟೊ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಇದೇ ರಥದ ಫೋಟೊ ತೆಗೆದದ್ದು ಕೈ ಫೋಕಸ್‌ನಲ್ಲೇ. ಈಗಿಲ್ಲದ ಇಟ್ಟಿಗೆ ಗೋಪುರ ಅದರಲ್ಲಿ ರಥದ ಮೇಲೆ ಕಾಣುತ್ತದೆ.

ಫಲಿತಾಂಶ ಓದೋದು ಹೀಗೆ:

• ಕೈಯಲ್ಲಿ ಮಾಡಿದರೂ ಮಸುಕು, ಅಥವಾ ಚಿತ್ರದ ಒಂದು ಬದಿ ಮಾತ್ರ ಮಸುಕು: ಒಳಗಿನ ಗಾಜು ಜರುಗಿರಬಹುದು, ಬೂಷ್ಟು ಹಿಡಿದಿರಬಹುದು. ಇಂಥದ್ದನ್ನು ಕೊಳ್ಳಬೇಡಿ.

• ಕೈಯಲ್ಲಿ ಸರಿ, ಆಟೋಫೋಕಸ್‌ನಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ: ಲೆನ್ಸ್ ಮೋಟರ್ ಅಥವಾ ಸಂಪರ್ಕದ ಮೇಲೆ ಅನುಮಾನ ಪಡಿ.

• ಲೈವ್ ವ್ಯೂನಲ್ಲಿ ಸರಿ, ವ್ಯೂಫೈಂಡರಿನಲ್ಲಿ ಪ್ರತಿ ಸಲ ಒಂದೇ ಕಡೆಗೆ ತಪ್ಪು: ಗಾಜು, ಮೋಟರ್ ಎರಡೂ ಚೆನ್ನಾಗಿವೆ. ಅಳತೆ ಹೊಂದಿಲ್ಲ.

ನನ್ನದು ಮೂರನೆಯದು. ಹತ್ತಕ್ಕೆ ಹತ್ತೂ ನೋಟಿಗಿಂತ ಮುಂದೆ ಫೋಕಸ್ ಆಗಿದ್ದವು.

ಯಾಕೆ ಹೀಗೆ? ಡಿಎಸ್‌ಎಲ್‌ಆರ್‌ನಲ್ಲಿ ದೊಡ್ಡ ಕನ್ನಡಿಯ ಹಿಂದೆ ಒಂದು ಪುಟ್ಟ ಕನ್ನಡಿ ಇರುತ್ತದೆ. ಅದು ಬೆಳಕನ್ನು ಕ್ಯಾಮೆರಾ ತಳದ ಫೋಕಸ್ ಸೆನ್ಸರ್‌ಗೆ ಕಳಿಸುತ್ತದೆ. ಲೆನ್ಸಿನಿಂದ ಅಲ್ಲಿಗಿರುವ ದಾರಿಯೂ, ಚಿತ್ರ ಮೂಡುವ ಸೆನ್ಸರ್‌ಗಿರುವ ದಾರಿಯೂ ಸಮ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಫೋಕಸ್ ಜಾರುತ್ತದೆ. ಲೈವ್ ವ್ಯೂ ಚಿತ್ರದ ಸೆನ್ಸರ್‌ನಿಂದಲೇ ಅಳೆಯೋದರಿಂದ ಆ ತೊಂದರೆ ಇಲ್ಲ.

ತಪ್ಪು ಯಾರದ್ದು?

ಅಳತೆ ತಪ್ಪಿದ್ದು ಲೆನ್ಸಿನದಾ, ಕ್ಯಾಮೆರಾದ್ದಾ? ಅದಲು ಬದಲು ಮಾಡಿದರೇ ಗೊತ್ತಾಗೋದು. ಮರುದಿನ ಕಾಲೇಜ್ ಗೆಳೆಯನ ಕ್ಯಾಮೆರಾಗೆ ಇದೇ ಲೆನ್ಸ್ ಹಾಕಿದೆ. ನೋಟಿನ ರಥದ ಚಕ್ರದ ಗೆರೆ ಗೆರೆಯೂ ಕಂಡಿತು. ಆಮೇಲೆ ನನ್ನ ಕ್ಯಾಮೆರಾಗೆ ಅದರ ಜೊತೆ ಬಂದಿದ್ದ 18–55 ಲೆನ್ಸ್ ಹಾಕಿ, 55ರಲ್ಲಿ ಹತ್ತಿರದಿಂದ ತೆಗೆದೆ. ಅದೂ ಮುಂದಕ್ಕೇ ಜಾರಿತ್ತು!

ಕೆಟ್ಟಿದ್ದು ನನ್ನ ಕ್ಯಾಮೆರಾ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ? ಲೆಕ್ಕ ಹಾಕಿ ನೋಡಿದೆ. ನನ್ನ ಕ್ಯಾಮೆರಾದಲ್ಲಿ 18 ಎಂ.ಎಂ., ಎಫ್/5.6 ಇಟ್ಟು ಮೂರು ಮೀಟರ್‌ಗೆ ಫೋಕಸ್ ಮಾಡಿದರೆ ಸುಮಾರು ಒಂದೂವರೆ ಮೀಟರ್‌ನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗೇ ಕಾಣುತ್ತದೆ. ಅದೇ ದೂರಕ್ಕೆ 300 ಎಂ.ಎಂ.ನಲ್ಲಿ ಸ್ಪಷ್ಟ ಇರೋದು ಸುಮಾರು 2 ಸೆಂ.ಮೀ. ಮಾತ್ರ. ಕ್ಯಾಮೆರಾದ ಹಳೇ ತಪ್ಪನ್ನು ಚಿಕ್ಕ ಲೆನ್ಸ್ ಮುಚ್ಚಿಟ್ಟಿತ್ತು, ದೊಡ್ಡ ಲೆನ್ಸ್ ಬಯಲು ಮಾಡಿತು. ಆರು ತಿಂಗಳ ಹಿಂದೆ ಬೈಕ್ ಮೇಲಿಂದ ಕ್ಯಾಮೆರಾ ಬ್ಯಾಗ್ ಬಿದ್ದಿದ್ದು ಆಗ ನೆನಪಾಯ್ತು.

ಮತ್ತೆ ದರೋಜಿಯಲ್ಲಿ ಲೆನ್ಸ್ ಅಷ್ಟು ಓಡಾಡಿದ್ದು? ಆಟೋಫೋಕಸ್‌ಗೆ ಹಿಡಿದುಕೊಳ್ಳಲು ಗೆರೆ, ಅಂಚು ಬೇಕು. ಕರಡಿ ಮೈಯೆಲ್ಲ ಕಪ್ಪು ಕೂದಲು. ಮೇಲಿಂದ ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆ ಮೇಲೆ ಗಾಳಿಯೇ ಕುಣಿಯುತ್ತಿರುತ್ತದೆ. ಅಂಥ ಹೊತ್ತಲ್ಲಿ ಎಂಥ ದುಬಾರಿ ಲೆನ್ಸೂ ತಡಕಾಡುತ್ತದೆ. ಕರಡಿಯ ಮೂತಿ ಅಥವಾ ಬಂಡೆಯ ಅಂಚಿಗೆ ಫೋಕಸ್ ಮಾಡಬೇಕಿತ್ತು.

ನಿಕಾನ್ ಡಿ7200, ಕ್ಯಾನನ್ 80ಡಿಯಂಥವುಗಳಲ್ಲಿ ಫೋಕಸ್ ತಿದ್ದುವ ವ್ಯವಸ್ಥೆ ಮೆನುವಿನಲ್ಲೇ ಇದೆ. ನನ್ನ ಶುರುವಾತಿನ ಮಾಡೆಲ್‌ನಲ್ಲಿ ಇಲ್ಲ. ಸರ್ವೀಸ್‌ಗೆ ಕೊಟ್ಟು ಸರಿ ಮಾಡಿಸಿದೆ.

ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಒಂದಿತ್ತು. ಅಣ್ಣನ ಅಂಗಡಿಗೆ ಹೋದೆ. ಇಪ್ಪತ್ತು ಫೋಟೊ ತೋರಿಸಿ, ‘ತಪ್ಪು ನನ್ನ ಕ್ಯಾಮೆರಾದ್ದು ಅಣ್ಣಾ, ಕ್ಷಮಿಸಿ’ ಅಂದೆ. ಅವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

‘ಲೆನ್ಸ್ ಕೆಟ್ಟೈತೇನು ಅಂತ ಕೇಳಿದ್ರೆ ನಂಗೇನೂ ಅನ್ನಿಸ್ತಿರ್ಲಿಲ್ಲಪ್ಪ. ಗೊತ್ತಿದ್ದೂ ಕೊಟ್ರಾ ಅಂದ್ಯಲ್ಲ, ಅದಕ್ಕೆ ಬೇಜಾರಾತು’ ಅಂದರು. ಆಮೇಲೆ ಚಹಾ ತರಿಸಿದರು.

ಹಳೇ ಲೆನ್ಸ್ ಕೊಳ್ಳುವವರು ನಿಮ್ಮ ಕ್ಯಾಮೆರಾ ತಗೊಂಡೇ ಹೋಗಿ. ದುಡ್ಡು ಕೊಡುವ ಮುಂಚೆ, ಮಾರುವವರ ಎದುರೇ, ಅವರ ಕ್ಯಾಮೆರಾದಲ್ಲೂ ನಿಮ್ಮದರಲ್ಲೂ ಈ ಪರೀಕ್ಷೆ ಮಾಡಿ. ಅರ್ಧ ಗಂಟೆ ಸಾಕು. ಅಣ್ಣ ಈಗ ಹಾಗೇ ಮಾಡುತ್ತಾರೆ. ಅವರ ಅಂಗಡಿ ಗೋಡೆ ಮೇಲೆ ಐವತ್ತರ ನೋಟೊಂದು ಖಾಯಂ ಅಂಟಿಕೊಂಡಿದೆ. ಆ ನೋಟು ನಾನು ಕೊಟ್ಟಿದ್ದು.